ಬೆಳ್ಳಗಿರುವುದೆಲ್ಲ ರೋಗವಲ್ಲ: ಹವಳದ ದಿಬ್ಬದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ (ಮುರುಡೇಶ್ವರದಿಂದ): ಪ್ರವಾಸಿಗರನ್ನು ನೇತ್ರಾಣಿ ಗುಡ್ಡಕ್ಕೆ ಸ್ಕೂಬಾ ಡೈವಿಂಗ್‌ಗೆ ಕರೆದೊಯ್ಯುವ ಕೆಲಸ ನನ್ನದು. ಈ ಸೀಸನ್ನಿನಲ್ಲಿ ಒಂದು ದೊಡ್ಡ ಗುಂಡು ಹವಳದ ಮೇಲೆ ಅಂಗೈಯಗಲದ ಬಿಳಿ ಕಲೆ ಕಂಡಿತು. ಇದು ರೋಗವೇ, ಬಿಸಿನೀರಿಗೆ ಬಿಳಿಚಿಕೊಂಡದ್ದೇ? ಕಣ್ಣಲ್ಲಿ ನೋಡಿಯೇ ಹೇಳಬಹುದೇ?

ಉತ್ತರ: ಬಹುಮಟ್ಟಿಗೆ ಹೇಳಬಹುದು. ಆದರೆ ಎಲ್ಲರ ಕಣ್ಣೂ ಕಲೆಯ ನಡುಭಾಗಕ್ಕೆ ಹೋಗುತ್ತದೆ. ಗುಟ್ಟು ಇರುವುದು ಅಂಚಿನಲ್ಲಿ.

ಒಂದು ಹವಳದ ಕಾಲೊನಿ ಎಂದರೆ ಪಾಲಿಪ್ ಎಂಬ ಸಾವಿರಾರು ಪುಟ್ಟ ಜೀವಿಗಳ ಕೂಡುಕುಟುಂಬ. ಎಲ್ಲವನ್ನೂ ಹೊಂದಿಸಿ ಹಿಡಿದಿರುವುದು ಒಂದು ತೆಳುವಾದ ಜೀವಂತ ಪೊರೆ. ಪೊರೆಯ ಅಡಿಯಲ್ಲಿ ಸುಣ್ಣದ ಹಂದರ. ಪೊರೆಗೆ ಬಣ್ಣ ಕೊಡುವುದು ಅದರೊಳಗೆ ನೆಲೆಸಿರುವ ಸೂಕ್ಷ್ಮ ಪಾಚಿ. ನೀರು ಕಾದಾಗ ಹವಳ ಈ ಪಾಚಿಯನ್ನು ಹೊರಹಾಕುತ್ತದೆ. ಆಗ ಗಾಜಿನಂಥ ಪೊರೆಯ ಮೂಲಕ ಕೆಳಗಿನ ಸುಣ್ಣ ಕಾಣುತ್ತದೆ. ಬಿಳಿಚಿಕೊಳ್ಳುವುದು ಎಂದರೆ ಇದೇ. ಹವಳ ಇನ್ನೂ ಬದುಕಿದೆ, ಹಸಿದಿದೆ. ರೋಗದಲ್ಲಿ ಅಥವಾ ಬೇರೆ ಜೀವಿ ತಿಂದು ಹೋದಾಗ ಪೊರೆಯೇ ಇರುವುದಿಲ್ಲ, ನಿಮಗೆ ಕಾಣುವುದು ಬರಿಯ ಸುಣ್ಣ.

ಹಾಗಾಗಿ ಒಂದಡಿ ದೂರಕ್ಕೆ ಬನ್ನಿ. ಮುಟ್ಟಬೇಡಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಬಿಳಿಯ ಭಾಗದಲ್ಲಿ ತೇವದ ಹೊಳಪು, ಸಣ್ಣ ಬೆರಳುಗಳಂಥ ಕರಬಳ್ಳಿ, ತುಸು ಉಬ್ಬಿದ ಮೆತ್ತನೆಯ ಮೈ ಕಂಡರೆ ಪೊರೆ ಇದೆ. ಪಾಲಿಪ್ ಕೂರುವ ಸಣ್ಣ ಬಟ್ಟಲುಗಳ ಅಂಚು ಹರಿತವಾಗಿ, ಒಣ ಸುಣ್ಣದ ಹಾಗೆ ಕಂಡರೆ ಪೊರೆ ಹೋಗಿದೆ. ಬಿಳಿಚಿದ ಹವಳದಲ್ಲಿ ಬಣ್ಣ ನಿಧಾನವಾಗಿ ಮಾಸುತ್ತ ಬಿಳಿಗೆ ಸೇರುತ್ತದೆ. ರೋಗದ ಗಾಯದಲ್ಲಿ ಬಣ್ಣದ ಪೊರೆ ಗೆರೆ ಎಳೆದ ಹಾಗೆ ಥಟ್ಟನೆ ಮುಗಿಯುತ್ತದೆ.

ಪೊರೆ ಹೋಗಿದ್ದರೆ ಮುಂದಿನ ಪ್ರಶ್ನೆ: ಸುಣ್ಣ ಹಾಗೇ ಇದೆಯೋ, ಕೆತ್ತಿ ಹೋಗಿದೆಯೋ? ಗಿಳಿಮೀನು ಕಚ್ಚಿದ ಜಾಗದಲ್ಲಿ ಹಂದರವೇ ಕಿತ್ತು ಬಂದಿರುತ್ತದೆ, ಉಳಿ ಆಡಿಸಿದಂತೆ ಜೋಡಿ ಗೀರುಗಳಿರುತ್ತವೆ. ಗುಂಡು ಹವಳದ ಮೇಲೆ ಇಂಥ ಗುರುತು ಸಾಮಾನ್ಯ, ಗಾಬರಿ ಬೇಡ. ಬಟ್ಟಲುಗಳೆಲ್ಲ ಇಡಿಯಾಗಿ ಉಳಿದು ಪೊರೆ ಮಾತ್ರ ಮಾಯವಾಗಿದ್ದರೆ ರೋಗ ಇರಬಹುದು, ಇಲ್ಲವೇ ಮುಳ್ಳುಕಿರೀಟದ ನಕ್ಷತ್ರಮೀನು ಬಂದು ಹೋಗಿರಬಹುದು. ಆ ನಕ್ಷತ್ರಮೀನು ತನ್ನ ಹೊಟ್ಟೆಯನ್ನೇ ಹೊರಚಾಚಿ ಪೊರೆಯನ್ನು ಕರಗಿಸಿ ಹೀರುತ್ತದೆ. ಹಗಲಲ್ಲಿ ಸಾಮಾನ್ಯವಾಗಿ ಹತ್ತಿರದ ಸಂದಿಯಲ್ಲೋ ಹವಳದ ಅಡಿಯಲ್ಲೋ ಅಡಗಿರುತ್ತದೆ. ಎರಡು ಮೀಟರ್ ಸುತ್ತ ಹುಡುಕದೆ ‘ರೋಗ’ ಎಂದು ಬರೆದುಕೊಳ್ಳಬೇಡಿ. ಟೊಂಗೆ ಹವಳವಾದರೆ ಬುಡದಲ್ಲಿ ಬಗ್ಗಿ ನೋಡಿ. ಡ್ರುಪೆಲ್ಲಾ ಎಂಬ ಸಣ್ಣ ಶಂಖದ ಹುಳುಗಳು ಜೀವಂತ ಪೊರೆಗೂ ಬಿಳಿ ಸುಣ್ಣಕ್ಕೂ ನಡುವೆ ಗುಂಪುಗುಂಪಾಗಿ ಕೂತಿರುತ್ತವೆ.

ಇವೊಂದೂ ಸಿಗದೆ, ಬಿಳಿಯ ಪಕ್ಕದಲ್ಲಿ ಹಸಿರು ಲೇಪ, ಅದರಾಚೆ ಕಂದು ಪಾಚಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಗಾಯ ಮುಂದಕ್ಕೆ ಸರಿಯುತ್ತಿದೆ ಎಂದರ್ಥ. ಪೊರೆ ಹೋದ ಸುಣ್ಣದ ಮೇಲೆ ಕೆಲವೇ ದಿನಗಳಲ್ಲಿ ಹಸಿರು ಹತ್ತುತ್ತದೆ; ಅಪ್ಪಟ ಬಿಳಿ ಇರುವುದು ಇತ್ತೀಚೆಗೆ ಸತ್ತ ಭಾಗದಲ್ಲಿ ಮಾತ್ರ. ಬಿಳಿ ಪಟ್ಟಿ ಅಗಲವಾಗಿದ್ದಷ್ಟೂ ಗಾಯದ ಓಟ ಜೋರು.

ಪೊರೆಗೂ ಸುಣ್ಣಕ್ಕೂ ನಡುವೆ ಬಣ್ಣದ ಪಟ್ಟಿ ಇದೆಯೇ ಎಂದೂ ನೋಡಿ. ಕೆಲವು ಮಿಲಿಮೀಟರ್‌ನಿಂದ ಕೆಲವು ಸೆಂಟಿಮೀಟರ್ ಅಗಲದ ಕಪ್ಪು ಚಾಪೆಯಂಥ ಪಟ್ಟಿ ಇದ್ದರೆ ಅದು ಕಪ್ಪುಪಟ್ಟಿ ರೋಗ. 1970ರ ದಶಕದಲ್ಲಿ ಕೆರಿಬಿಯನ್ ಕಡೆ ಮೊದಲು ವರ್ಣಿಸಲಾದ ಈ ರೋಗವನ್ನು ಒಂದೇ ಸೂಕ್ಷ್ಮಜೀವಿ ತರುವುದಿಲ್ಲ. ನೀಲಿಹಸಿರು ಪಾಚಿ ಮತ್ತು ಗಂಧಕದ ಮೇಲೆ ಬದುಕುವ ಬ್ಯಾಕ್ಟೀರಿಯಾಗಳು ಸೇರಿ ಹೆಣೆದ ಚಾಪೆ ಅದು; ಅಡಿಯಲ್ಲಿ ಆಮ್ಲಜನಕವಿಲ್ಲದೆ, ಸಲ್ಫೈಡ್ ವಿಷ ತುಂಬಿ ಪೊರೆ ಸಾಯುತ್ತದೆ. ಪಟ್ಟಿ ದಿನಕ್ಕೆ 3 ಮಿಲಿಮೀಟರ್‌ನಿಂದ 1 ಸೆಂಟಿಮೀಟರ್‌ವರೆಗೂ ಸರಿಯಬಲ್ಲದು. ಮೆಣಸಿನಪುಡಿ ಚಿಮುಕಿಸಿದಂತೆ ಕಪ್ಪು ಚುಕ್ಕೆಗಳ ಪಟ್ಟಿಯಾದರೆ ಅದು ಹಂದರ ಕೊರೆಯುವ ಸೂಕ್ಷ್ಮಜೀವಿಯ ಕೆಲಸ, ಬೇರೆ ರೋಗ. ಬೂದುಗಪ್ಪು ಲೇಪವೊಂದು ಸತ್ತದ್ದು ಬದುಕಿದ್ದು ಎನ್ನದೆ ಎಲ್ಲವನ್ನೂ ಹೊದ್ದುಕೊಂಡು ಬಂದಿದ್ದರೆ ಅದು ರೋಗವೇ ಅಲ್ಲ, ಟರ್ಪಿಯೋಸ್ ಎಂಬ ಸ್ಪಂಜು.

ಇನ್ನೊಂದು ಮಾತು. ಟೊಂಗೆ ಹವಳದ ತುದಿಗಳು ಬಿಳಿಯಾಗಿರುವುದು ಸಹಜ. ಅವು ಬೆಳೆಯುವ ಕುಡಿಗಳು, ಅಲ್ಲಿ ಪಾಚಿ ಕಡಿಮೆ. ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲೇ. ಗುಂಡು ಹವಳದ ಮೇಲಿನ ಗುಲಾಬಿ ಕಲೆಯೂ ಹಾಗೆಯೇ: ನಮ್ಮ ಚರ್ಮ ಗೀರಿದಲ್ಲಿ ಕೆಂಪಾಗುವಂತೆ ಏನೇ ಕಾಟವಾದರೂ ಅದು ಗುಲಾಬಿಯಾಗುತ್ತದೆ. ಕಾಟ ಯಾವುದೆಂದು ಆ ಬಣ್ಣವೊಂದರಿಂದ ಹೇಳಲಾಗದು.

ಪ್ರಶ್ನೆ (ಕಾರವಾರದಿಂದ, ಎಂ.ಎಸ್ಸಿ. ವಿದ್ಯಾರ್ಥಿನಿ): ನಾವು ನಾಲ್ವರು ಲಕ್ಷದ್ವೀಪದಲ್ಲಿ ಹವಳದ ರೋಗದ ಸಮೀಕ್ಷೆ ಮಾಡಬೇಕೆಂದಿದ್ದೇವೆ. ಟೇಪು ಎಷ್ಟು ಉದ್ದ, ಎಷ್ಟು ಅಗಲ ನೋಡಬೇಕು, ಲೆಕ್ಕ ಹೇಗೆ?

ಉತ್ತರ: ಮೊದಲು ಅನುಮತಿ. ಲಕ್ಷದ್ವೀಪ ಪ್ರವೇಶಕ್ಕೊಂದು ಪರವಾನಗಿ, ಹವಳದ ಮೇಲೆ ಕೆಲಸ ಮಾಡಲು ಪರಿಸರ ಮತ್ತು ಅರಣ್ಯ ಇಲಾಖೆಯದ್ದು ಇನ್ನೊಂದು. ಇವು ಕೈಗೆ ಬರುವವರೆಗೆ ಟಿಕೆಟ್ ಮಾಡಿಸಬೇಡಿ.

ನೀರಿನಲ್ಲಿ ಕೆಲಸ ಹೀಗೆ. 20 ಮೀಟರ್ ಉದ್ದದ ಟೇಪನ್ನು ಒಂದೇ ಆಳದಲ್ಲಿ, ದಡಕ್ಕೆ ಸಮಾನಾಂತರವಾಗಿ ಹಾಸಿ. ಟೇಪಿನ ಎರಡೂ ಬದಿ ಒಂದೊಂದು ಮೀಟರ್, ಒಟ್ಟು 40 ಚದರ ಮೀಟರ್ ನಿಮ್ಮ ಹೊಲ. ಅಗಲವನ್ನು ಕಣ್ಣಂದಾಜಿಗೆ ಬಿಡಬೇಡಿ. ನೀರಿನೊಳಗೆ ವಸ್ತುಗಳು ಹತ್ತಿರವಾಗಿ, ದೊಡ್ಡದಾಗಿ ಕಾಣುತ್ತವೆ, ಹೊಲ ತಾನಾಗಿಯೇ ಕಿರಿದಾಗುತ್ತದೆ. ಒಂದು ಮೀಟರ್ ಉದ್ದದ ಪಿವಿಸಿ ಪೈಪಿಗೆ ತೂತು ಕೊರೆದು ಜೊತೆಗಿಟ್ಟುಕೊಳ್ಳಿ. ತೂತಿಲ್ಲದಿದ್ದರೆ ಗಾಳಿ ತುಂಬಿ ಮೇಲಕ್ಕೆ ಎಳೆಯುತ್ತದೆ. ಒಂದೊಂದು ಜಾಗದಲ್ಲಿ, ಒಂದೊಂದು ಆಳದಲ್ಲಿ ಕನಿಷ್ಠ 3 ಟೇಪು. ಟೇಪಿನ ಆರಂಭವನ್ನು ‘ರೋಗ ಚೆನ್ನಾಗಿ ಕಾಣುವ’ ಕಡೆ ಇಡಬೇಡಿ. ಹಾಗೆ ಮಾಡಿದ ಸಮೀಕ್ಷೆಯಲ್ಲಿ ದಿಬ್ಬಕ್ಕೆ ದಿಬ್ಬವೇ ಕಾಯಿಲೆ ಬಿದ್ದಂತೆ ತೋರುತ್ತದೆ.

ಇಬ್ಬರಿಬ್ಬರ ಜೋಡಿ ಮಾಡಿಕೊಳ್ಳಿ. ಒಬ್ಬರು 5 ಸೆಂಟಿಮೀಟರ್‌ಗಿಂತ ದೊಡ್ಡ ಪ್ರತಿಯೊಂದು ಕಾಲೊನಿಯನ್ನೂ ಕುಲದ ಪ್ರಕಾರ ಎಣಿಸಲಿ: ಆಕ್ರೊಪೊರಾ ಎಷ್ಟು, ಪೊರೈಟಿಸ್ ಎಷ್ಟು, ಪೊಸಿಲೊಪೊರಾ ಎಷ್ಟು. ಇನ್ನೊಬ್ಬರು ಕಾಯಿಲೆ ಮತ್ತು ಗಾಯಗಳನ್ನು ಮಾತ್ರ ನೋಡಲಿ. ಗಡಿಯ ಮೇಲೆ ಕೂತ ಕಾಲೊನಿಯ ಅರ್ಧಕ್ಕಿಂತ ಹೆಚ್ಚು ಒಳಗಿದ್ದರೆ ಎಣಿಸಿ, ಇಲ್ಲದಿದ್ದರೆ ಬಿಡಿ. ಹವಳ ದಟ್ಟವಾಗಿದ್ದು ಸಿಲಿಂಡರಿನ ಗಾಳಿ ಸಾಲದಿದ್ದರೆ ಒಟ್ಟು ಎಣಿಕೆಯನ್ನು ಟೇಪಿನ ಒಂದೇ ಬದಿಗೆ ಸೀಮಿತಗೊಳಿಸಿ ಎರಡರಿಂದ ಗುಣಿಸಬಹುದು; ರೋಗವನ್ನು ಮಾತ್ರ ಎರಡೂ ಬದಿ ನೋಡಲೇಬೇಕು.

ಆರೋಗ್ಯವಂತ ಕಾಲೊನಿಗಳನ್ನು ಎಣಿಸುವುದು ಬೇಸರದ ಕೆಲಸ, ಅದಕ್ಕೇ ಬಹಳ ಮಂದಿ ತಪ್ಪಿಸಿಕೊಳ್ಳುತ್ತಾರೆ. ಆದರೆ ಛೇದ ಇಲ್ಲದೆ ಶೇಕಡಾವಾರು ಇಲ್ಲ. ‘14 ರೋಗಿಗಳು ಸಿಕ್ಕವು’ ಎಂದರೆ ಏನೂ ಹೇಳಿದಂತಾಗಲಿಲ್ಲ. ಉದಾಹರಣೆಗೆ ಒಂದು ಟೇಪಿನಲ್ಲಿ 412 ಕಾಲೊನಿ, ಅದರಲ್ಲಿ 14ಕ್ಕೆ ರೋಗ ಎಂದುಕೊಳ್ಳಿ: 14 ಭಾಗ 412, ಗುಣಿಸು 100, ಶೇ 3.4. ಇಷ್ಟಕ್ಕೇ ನಿಂತರೆ ಸಣ್ಣ ಸಮಸ್ಯೆ ಅನಿಸುತ್ತದೆ. ಈಗ ಕುಲವಾರು ಬಿಡಿಸಿ. 14ರಲ್ಲಿ 12 ಆಕ್ರೊಪೊರಾದಲ್ಲೇ ಇದ್ದು, ಆಕ್ರೊಪೊರಾ ಒಟ್ಟು 90 ಇದ್ದರೆ ಆ ಕುಲದಲ್ಲಿ ಶೇ 13.3. ಆಕ್ರೊಪೊರಾಕ್ಕೆ ಪಿಡುಗೇ ಬಡಿದಿದೆ, ಸರಾಸರಿ ಅದನ್ನು ಮುಚ್ಚಿಟ್ಟಿತ್ತು.

ಇನ್ನೊಂದು ಬಲೆ ಇದೆ, ಅನುಭವಿಗಳೂ ಬೀಳುತ್ತಾರೆ. ಮೂರು ತಿಂಗಳ ನಂತರ ಹೋದಾಗ ಶೇ 13 ಇದ್ದದ್ದು ಶೇ 4 ಆಗಿದೆ ಎನ್ನಿ. ಚೇತರಿಕೆ ಎಂದು ಹಿಗ್ಗಬೇಡಿ. ಕಾಯಿಲೆ ಬಿದ್ದವೆಲ್ಲ ಸತ್ತು ಎಣಿಕೆಯಿಂದಲೇ ಜಾರಿಹೋಗಿದ್ದರೂ ಶೇಕಡಾವಾರು ಇಳಿಯುತ್ತದೆ. ಅದಕ್ಕಾಗಿ ಇತ್ತೀಚೆಗೆ ಸತ್ತ ಕಾಲೊನಿಗಳ ಕಾಲಂ ಬೇರೆ ಇರಲಿ, ಜೊತೆಗೆ ಗುರುತು ಹಾಕಿದ ಕೆಲವು ಕಾಲೊನಿಗಳು ಬೇಕೇ ಬೇಕು. ಅದರ ವಿಧಾನ ಮುಂದಿನ ಉತ್ತರದಲ್ಲಿದೆ.

ಯಾವಾಗ ಹೋಗಬೇಕು? ಲಕ್ಷದ್ವೀಪದ ನೀರು ಅತಿ ಬಿಸಿಯಾಗುವುದು ಮಳೆಗಾಲಕ್ಕೆ ಮುಂಚೆ, ಏಪ್ರಿಲ್–ಮೇ ಹೊತ್ತಿಗೆ. ಫೆಬ್ರುವರಿಯಲ್ಲಿ ಒಮ್ಮೆ, ಮೇ ಆರಂಭದಲ್ಲಿ ಒಮ್ಮೆ, ಮಳೆ ಕಳೆದು ಅಕ್ಟೋಬರ್–ನವೆಂಬರಿನಲ್ಲಿ ಒಮ್ಮೆ ಹೋದರೆ ಮುಂಚೆ, ನಡುವೆ, ಆಮೇಲೆ ಮೂರೂ ಸಿಗುತ್ತವೆ. 1998, 2010, 2016, 2024ರಲ್ಲಿ ಅಲ್ಲಿನ ಹವಳ ಸಾಮೂಹಿಕವಾಗಿ ಬಿಳಿಚಿದೆ. ಮುಂಚಿನ ಅಂಕಿ ಕೈಯಲ್ಲಿಲ್ಲದೆ ಮೇ ತಿಂಗಳಲ್ಲಿ ಮಾತ್ರ ಧಾವಿಸಿದರೆ ಎಷ್ಟು ಕಳೆದುಕೊಂಡೆವು ಎಂದು ಹೇಳಲು ಬರುವುದಿಲ್ಲ.

ಪ್ರಶ್ನೆ (ಮಂಗಳೂರಿನಿಂದ): ಒಂದೇ ಹವಳವನ್ನು ತಿಂಗಳಾನುಗಟ್ಟಲೆ ಹಿಂಬಾಲಿಸುವುದು ಹೇಗೆ? ನನ್ನ ಫೋಟೋಗಳು ಒಂದಕ್ಕೊಂದು ಹೊಂದುವುದೇ ಇಲ್ಲ.

ಉತ್ತರ: ಫೋಟೋ ಹೊಂದದಿರಲು ಕಾರಣ ಕೋನ ಮತ್ತು ದೂರ. ಕಾಲೊನಿಯ ಪಕ್ಕದ ಸತ್ತ ಬಂಡೆಗೆ 5 ಸೆಂಟಿಮೀಟರಿನ ಕಾಂಕ್ರೀಟ್ ಮೊಳೆ ಹೊಡೆದು, ದನದ ಕಿವಿಗೆ ಹಾಕುವಂಥ ನಂಬರಿನ ಪ್ಲಾಸ್ಟಿಕ್ ಬಿಲ್ಲೆಯನ್ನು ಕೇಬಲ್ ಟೈನಿಂದ ಕಟ್ಟಿ. ಜೀವಂತ ಪೊರೆಗೆ ಮೊಳೆ ತಾಗಲೇಬಾರದು, ಆ ತೂತೇ ಹೊಸ ಗಾಯವಾಗುತ್ತದೆ. ಎರಡನೆಯ ಮೊಳೆಯನ್ನು ಗಾಯದ ಸತ್ತ ಭಾಗದಲ್ಲಿ, ಅಂಚಿನಿಂದ ಮೂರ್ನಾಲ್ಕು ಸೆಂಟಿಮೀಟರ್ ಹಿಂದಕ್ಕೆ ಹೊಡೆಯಿರಿ. ಇದು ಅಳತೆಯ ಕಲ್ಲು. ಇದಕ್ಕೂ ಅನುಮತಿ ಬೇಕು, ಮರೆಯಬೇಡಿ.

ಪ್ರತಿ ಸಲ ಮೊದಲು ಬಿಲ್ಲೆಯ ಫೋಟೋ, ಆಮೇಲೆ ಇಡೀ ಕಾಲೊನಿ, ಕೊನೆಗೆ ಅಂಚು. ಸ್ಕೇಲನ್ನು ಗಾಯದ ಮೇಲ್ಮೈಯ ಮಟ್ಟದಲ್ಲೇ ಹಿಡಿಯಬೇಕು. ಹಿಂದೆ ಮರಳಿನ ಮೇಲೆ ಇಟ್ಟರೆ ಗಾಯ ಇರುವುದಕ್ಕಿಂತ ದೊಡ್ಡದಾಗಿ ಅಳತೆಗೆ ಸಿಗುತ್ತದೆ. ಕ್ಯಾಮೆರಾ ನೇರ ಎದುರಿಗೆ ಇರಲಿ, ಓರೆ ಬೇಡ. ನಾಲ್ಕೈದು ಮೀಟರ್ ಆಳದಲ್ಲೇ ಕೆಂಪು ಬಣ್ಣ ನೀರಿನಲ್ಲಿ ಕರಗಿಹೋಗುವುದರಿಂದ ಟಾರ್ಚಿನ ಬೆಳಕು ಬೇಕು, ಚೌಕಟ್ಟಿನ ಮೂಲೆಯಲ್ಲೊಂದು ಬಿಳಿ ಪ್ಲಾಸ್ಟಿಕ್ ತುಂಡೂ ಇರಲಿ. ಇಲ್ಲದಿದ್ದರೆ ಕಂಪ್ಯೂಟರಿನ ಮುಂದೆ ಕೂತಾಗ ಎಲ್ಲ ಹವಳವೂ ನೀಲಿ, ಎಲ್ಲ ಗಾಯವೂ ನೀಲಿ.

ಲೆಕ್ಕ ಸುಲಭ. ಮೊಳೆಯಿಂದ ಅಂಚಿಗೆ ಮೊದಲ ದಿನ 4 ಸೆಂಟಿಮೀಟರ್, 20 ದಿನಗಳ ನಂತರ 12 ಎಂದಾದರೆ ಸರಿದದ್ದು 8 ಸೆಂಟಿಮೀಟರ್, ದಿನಕ್ಕೆ 4 ಮಿಲಿಮೀಟರ್. ಅಂಚು ಒಂದೇ ಸಮ ಸರಿಯುವುದಿಲ್ಲವಾದ್ದರಿಂದ ಮೂರು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಿರಿ. ಹಾವಳಿ ಎದ್ದಿರುವಾಗ ತಿಂಗಳಿಗೊಮ್ಮೆ ಸಾಲದು, ವಾರಕ್ಕೊಮ್ಮೆ ಹೋಗಿ. ವೇಗದ ರೋಗಗಳು ಸಣ್ಣ ಕಾಲೊನಿಯನ್ನು ಕೆಲವು ವಾರಗಳಲ್ಲಿ ಮುಗಿಸುತ್ತವೆ. ತಿಂಗಳು ಬಿಟ್ಟು ಬಂದವರಿಗೆ ಪಾಚಿ ಹತ್ತಿದ ಹಂದರ ಸಿಗುತ್ತದೆ, ಸತ್ತದ್ದು ಯಾವುದರಿಂದ ಎಂಬುದು ಸಿಗುವುದಿಲ್ಲ.

ಪ್ರಶ್ನೆ (ಉಡುಪಿಯಿಂದ): ಒಂದೇ ಟೇಪನ್ನು ಇಬ್ಬರು ನೋಡಿದರೂ ಎಣಿಕೆ ಬೇರೆ ಬೇರೆ. ಯಾರದು ಸರಿ?

ಉತ್ತರ: ಬಹುಶಃ ಇಬ್ಬರೂ ಹೆಸರು ಬರೆಯುವ ಅವಸರದಲ್ಲಿದ್ದೀರಿ. ಸ್ಲೇಟಿನ ಮೇಲೆ ರೋಗದ ಹೆಸರು ಬರೆಯಬೇಡಿ, ಕಂಡದ್ದನ್ನು ಬರೆಯಿರಿ: ಗಾಯದ ಬಣ್ಣ, ಅಂಚು ಹರಿತವೋ ಮಾಸಲೋ, ಪಟ್ಟಿ ಇದೆಯೋ ಇಲ್ಲವೋ, ಸುಣ್ಣ ಇಡಿಯೋ ಕೆತ್ತಿದೆಯೋ, ಗಾಯ ಬುಡದಲ್ಲೋ ನಡುವಿನಲ್ಲೋ. ಹೆಸರನ್ನು ದಡದಲ್ಲಿ ಫೋಟೋ ನೋಡಿ ಇಡಬಹುದು. ಗೊತ್ತಾಗದಿದ್ದರೆ ‘ಗೊತ್ತಾಗಲಿಲ್ಲ’ ಎಂಬ ಕಾಲಂ ತುಂಬಿ, ಅದು ನಾಚಿಕೆಯ ವಿಷಯವಲ್ಲ. ಸಮೀಕ್ಷೆಯ ಮೊದಲ ದಿನವನ್ನು ಪೂರ್ತಿ ಇದಕ್ಕೇ ಮೀಸಲಿಡಿ: ಇಬ್ಬರೂ ಒಂದೇ ಟೇಪನ್ನು ನೋಡಿ, ಮೇಲೆ ಬಂದು ಪಟ್ಟಿ ಹೋಲಿಸಿ, ವ್ಯತ್ಯಾಸ ಬಂದ ಕಾಲೊನಿಗಳ ಮುಂದೆ ಮತ್ತೆ ಇಳಿದು ಒಟ್ಟಿಗೆ ನೋಡಿ.

ಪ್ರಶ್ನೆ (ಬೆಂಗಳೂರಿನಿಂದ): ಉಪಗ್ರಹದಿಂದಲೇ ಎಲ್ಲ ಗೊತ್ತಾಗುವುದಾದರೆ ನೀರಿಗೆ ಇಳಿಯುವ ಕಷ್ಟ ಯಾಕೆ?

ಉತ್ತರ: ಉಪಗ್ರಹ ಹೇಳುವುದು ನೀರಿನ ಬಿಸಿಯನ್ನು. ಹವಳಕ್ಕೆ ಏನಾಯಿತೆಂದು ಹೇಳುವುದಿಲ್ಲ.

ಅಮೆರಿಕದ ನೋವಾ ಸಂಸ್ಥೆಯ ಕೋರಲ್ ರೀಫ್ ವಾಚ್ ವಿಭಾಗ ಬಳಸುವ ಲೆಕ್ಕ ಹೀಗಿದೆ. ಆ ಜಾಗದ ಅತಿ ಬಿಸಿ ತಿಂಗಳ ದೀರ್ಘಕಾಲದ ಸರಾಸರಿಯನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ನೀರು ಅದಕ್ಕಿಂತ 1 ಡಿಗ್ರಿ ಅಥವಾ ಹೆಚ್ಚು ಏರಿದರೆ ಆ ಹೆಚ್ಚಳವನ್ನು ವಾರಗಳಿಂದ ಗುಣಿಸಿ, ಹಿಂದಿನ 12 ವಾರಗಳದ್ದನ್ನು ಕೂಡಿಸುತ್ತಾರೆ. ಆಧಾರ 29.5 ಡಿಗ್ರಿ ಇದ್ದು ನೀರು 3 ವಾರ 31 ಡಿಗ್ರಿಯಲ್ಲಿದ್ದರೆ ಒಂದೂವರೆ ಗುಣಿಸು ಮೂರು, 4.5. ಮೊತ್ತ 4 ತಲುಪಿದರೆ ಬಿಳಿಚುವುದು ಕಾಣಬಹುದು, 8 ದಾಟಿದರೆ ಸಾವು ನಿರೀಕ್ಷಿಸಬೇಕು. ನಮ್ಮಲ್ಲಿ ಹೈದರಾಬಾದಿನ ಇನ್‌ಕೋಯಿಸ್ ಕೂಡ ಭಾರತದ ಹವಳ ಪ್ರದೇಶಗಳಿಗೆ ಇಂಥ ಎಚ್ಚರಿಕೆ ಕೊಡುತ್ತದೆ. ಎಲ್ಲಿಗೆ, ಯಾವಾಗ ಇಳಿಯಬೇಕು ಎಂದು ನಿರ್ಧರಿಸಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಆದರೆ ನೋವಾ ಲೆಕ್ಕದ ಒಂದು ಚೌಕ ಸುಮಾರು 5 ಕಿಲೋಮೀಟರ್ ಅಗಲ, ಅಳೆಯುವುದು ಸಮುದ್ರದ ಮೇಲ್ಮೈಯನ್ನು. ಆಳವಿಲ್ಲದ ಲಗೂನಿನೊಳಗಿನ ನೀರಿಗೂ ಹೊರ ಇಳಿಜಾರಿನ ನೀರಿಗೂ ಇರುವ ವ್ಯತ್ಯಾಸ ಅದರಲ್ಲಿ ಕಾಣದು. ಅಲ್ಲಿ ತಾಪಮಾನ ದಾಖಲಿಸುವ ಸಣ್ಣ ಯಂತ್ರವನ್ನು ಗೂಟಕ್ಕೆ ಕಟ್ಟಿ, ಅರ್ಧ ಗಂಟೆಗೊಮ್ಮೆ ದಾಖಲಿಸುವಂತೆ ಬಿಡಬೇಕು. ನೆರಳಿನಲ್ಲಿ ಕಟ್ಟಿ, ಬಿಸಿಲಿಗೆ ಬಿಟ್ಟರೆ ಯಂತ್ರದ ಕವಚವೇ ಕಾದು ನೀರಿಗಿಂತ ಹೆಚ್ಚು ತೋರಿಸುತ್ತದೆ.

ರೋಗದ ವಿಷಯವಂತೂ ಕಣ್ಣಿಗೇ ಬಿಟ್ಟದ್ದು. 2005ರಲ್ಲಿ ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ ಹವಳ ಬಿಳಿಚಿತು. ಬಿಸಿ ಇಳಿಯಿತು, ಬಣ್ಣವೂ ಮರಳತೊಡಗಿತು. ಆಮೇಲೆ ರೋಗ ಬಂತು, ಸಮೀಕ್ಷೆಯ ತಾಣಗಳಲ್ಲಿ ಅರ್ಧಕ್ಕೂ ಹೆಚ್ಚು ಹವಳ ಹೋಯಿತು. ಬಿಸಿ ತಗ್ಗಿತೆಂದು ಮೇಲೆದ್ದು ಬಂದವರಿಗೆ ನಿಜವಾದ ಸಾವು ಕಾಣಲಾರದು. ಬಿಳಿಚಿದ ನಂತರದ ನಾಲ್ಕೈದು ತಿಂಗಳು ಕಣ್ಗಾವಲು ಬಿಡಕೂಡದು.

ಪ್ರಶ್ನೆ (ಮೈಸೂರಿನಿಂದ): ಹವಳದ ಕಾಯಿಲೆಗೆ ಔಷಧಿ ಇದೆಯೇ?

ಉತ್ತರ: ಒಂದಕ್ಕೆ ಇದೆ ಎನ್ನಬಹುದು. 2014ರಲ್ಲಿ ಫ್ಲಾರಿಡಾದ ಮಯಾಮಿ ಬಳಿ ಕಾಣಿಸಿಕೊಂಡು ಕೆರಿಬಿಯನ್ ತುಂಬ ಹಬ್ಬಿದ, ಪೊರೆ ಕಳಚುವ ರೋಗವೊಂದು 20ಕ್ಕೂ ಹೆಚ್ಚು ಜಾತಿಯ ಗಟ್ಟಿ ಹವಳಗಳನ್ನು ಬಲಿ ತೆಗೆದುಕೊಳ್ಳುತ್ತಿದೆ. ಅಲ್ಲಿ ಅಮಾಕ್ಸಿಸಿಲಿನ್ ಪುಡಿಯನ್ನು ತೂಕದಲ್ಲಿ 1 ಪಾಲು, ನೀರಿನಲ್ಲಿ ಅಂಟಿ ನಿಂತು ಔಷಧಿಯನ್ನು ನಿಧಾನವಾಗಿ ಬಿಡುವ ಮುಲಾಮು 8 ಪಾಲು ಕಲಸಿ, ಸಿರಿಂಜಿನಿಂದ ಗಾಯದ ಅಂಚಿನುದ್ದಕ್ಕೂ ಹಚ್ಚಿ ಬೆರಳಿಂದ ಒತ್ತುತ್ತಾರೆ. ಅರ್ಧ ಮುಲಾಮು ಸುಣ್ಣದ ಮೇಲೆ, ಅರ್ಧ ಪೊರೆಯ ಮೇಲೆ ಕೂರಬೇಕು. ಹಚ್ಚಿದ ಗಾಯ ಬಹುಪಾಲು ನಿಲ್ಲುತ್ತದೆ. ಆದರೆ ಅದೇ ಕಾಲೊನಿಯಲ್ಲಿ ಬೇರೆ ಕಡೆ ಹೊಸ ಗಾಯ ಏಳುವುದನ್ನು ಇದು ತಡೆಯದು, ಮತ್ತೆ ಮತ್ತೆ ಇಳಿದು ಹಚ್ಚಬೇಕು. ನೂರಾರು ವರ್ಷದ ದೊಡ್ಡ ಕಾಲೊನಿಗಳನ್ನು ಉಳಿಸಿಕೊಳ್ಳಲು ಈ ಶ್ರಮ ಸಾರ್ಥಕ; ಇಡೀ ದಿಬ್ಬಕ್ಕೆ ಹಚ್ಚುತ್ತ ಹೋಗುವುದು ಆಗದ ಮಾತು. ಆಂಟಿಬಯಾಟಿಕನ್ನು ಸಮುದ್ರಕ್ಕೆ ಬಿಡುವುದರ ಬಗ್ಗೆ ಆತಂಕವೂ ಇದೆ, ಅದು ನ್ಯಾಯವಾದದ್ದೇ. ಯಾರೂ ತಾವಾಗಿಯೇ ಇದನ್ನು ಪ್ರಯೋಗಿಸಬಾರದು.

ಮುಳ್ಳುಕಿರೀಟದ ನಕ್ಷತ್ರಮೀನಿಗೆ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಪಿತ್ತಲವಣದ ಒಂದೇ ಚುಚ್ಚುಮದ್ದು ಕೊಟ್ಟು ಕೊಲ್ಲುತ್ತಾರೆ. ಒಂದು ಪ್ರಾಯದ ನಕ್ಷತ್ರಮೀನು ವರ್ಷಕ್ಕೆ 10 ಚದರ ಮೀಟರ್ ಆಸುಪಾಸು ಹವಳ ತಿನ್ನುತ್ತದೆ, ಗುಂಪುಗಟ್ಟಿದರೆ ದಿಬ್ಬ ಬೋಳಾಗುತ್ತದೆ. ಹಾಗೆಂದು ಅಲ್ಲೊಂದು ಇಲ್ಲೊಂದು ಕಂಡದ್ದನ್ನು ಕೊಲ್ಲಬೇಕಿಲ್ಲ, ಅದು ದಿಬ್ಬದ ಸಹಜ ನಿವಾಸಿ. ಎಣಿಸಿ, ವರದಿ ಮಾಡಿ. ಮುಳ್ಳಿನಲ್ಲಿ ವಿಷವಿದೆ, ಕೈ ಹಾಕಬೇಡಿ.

ನಿಮ್ಮಿಂದ ಆಗಬಹುದಾದ ಮುಖ್ಯ ಚಿಕಿತ್ಸೆ ಬೇರೆಯೇ ಇದೆ: ರೋಗವನ್ನು ಹೊತ್ತೊಯ್ಯದಿರುವುದು. ಒಂದೇ ದಿನ ಎರಡು ಜಾಗಕ್ಕೆ ಇಳಿಯುವುದಿದ್ದರೆ ಆರೋಗ್ಯವಂತ ಜಾಗಕ್ಕೆ ಮೊದಲು, ಕಾಯಿಲೆಯ ಜಾಗಕ್ಕೆ ಕೊನೆಗೆ. ಸಂಜೆ ಟೇಪು, ಪೈಪು, ಕೈಗವಸು, ಬಿಸಿಡಿ (ಡೈವರ್ ತೊಡುವ, ಗಾಳಿ ತುಂಬುವ ಜಾಕೆಟ್ಟು) ಎಲ್ಲವನ್ನೂ ಸೋಂಕುನಾಶಕದಲ್ಲಿ ಅದ್ದಿ, ಸಿಹಿನೀರಲ್ಲಿ ತೊಳೆದು, ಒಣಗಿಸಿ. ತೊಳೆದ ನೀರನ್ನು ಸಮುದ್ರಕ್ಕೆ ಚೆಲ್ಲಬೇಡಿ.

ಪ್ರಶ್ನೆ (ಮಲ್ಪೆಯಿಂದ): ಹವಳದ ಬಂಡೆಗೆ ಸಿಕ್ಕಿಕೊಂಡ ಹಳೆ ಬಲೆಯನ್ನು ಎಳೆದು ತೆಗೆದರೆ ಒಳ್ಳೆಯದೇ?

ಉತ್ತರ: ತೆಗೆಯುವುದು ಒಳ್ಳೆಯದು, ಎಳೆಯುವುದು ಕೆಟ್ಟದ್ದು. ಏಷ್ಯಾ–ಪೆಸಿಫಿಕ್‌ನ 159 ದಿಬ್ಬಗಳಲ್ಲಿ ಸುಮಾರು 1,24,000 ಹವಳಗಳನ್ನು ನೋಡಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪ್ಲಾಸ್ಟಿಕ್ ತಾಗದ ಹವಳಕ್ಕೆ ರೋಗ ಬರುವ ಸಾಧ್ಯತೆ ಶೇ 4 ಇದ್ದರೆ, ತಾಗಿದ್ದಕ್ಕೆ ಶೇ 89. ಬಲೆ ಪೊರೆಯನ್ನು ಉಜ್ಜಿ ಗಾಯ ಮಾಡುತ್ತದೆ, ಬೆಳಕು ತಡೆಯುತ್ತದೆ, ಸೂಕ್ಷ್ಮಜೀವಿಗಳಿಗೆ ಮನೆಯಾಗುತ್ತದೆ.

ಆದರೆ ದೋಣಿಯಿಂದ ಹಗ್ಗ ಕಟ್ಟಿ ಎಳೆದರೆ ಟೊಂಗೆಗಳೆಲ್ಲ ಮುರಿದು ಬಲೆಯ ಜೊತೆಗೇ ಮೇಲೆ ಬರುತ್ತವೆ. ತರಬೇತಿ ಪಡೆದವರು ಇಬ್ಬರು ಇಳಿದು, ತುದಿ ಮೊಂಡಾದ ಕತ್ತರಿಯಿಂದ ಒಂದೊಂದು ಸಿಕ್ಕನ್ನೂ ಕತ್ತರಿಸಿ, ಬಲೆಯನ್ನು ತುಂಡು ತುಂಡಾಗಿ ಚೀಲಕ್ಕೆ ಹಾಕಬೇಕು. ಬಲೆಯ ಅಲೆದಾಟದ ತುದಿಯಿಂದ ಶುರುಮಾಡಿ, ಬಲೆಗಿಂತ ಹರಿವಿನ ಮೇಲ್ಗಡೆ ನಿಂತು ಕೆಲಸ ಮಾಡಿ; ಹರಿವಿನ ಕೆಳಗಡೆ ನಿಂತರೆ ಬಿಡಿಸಿದ ಬಲೆ ನಿಮ್ಮನ್ನೇ ಸುತ್ತಿಕೊಳ್ಳುತ್ತದೆ. ಹವಳ ಈಗಾಗಲೇ ಬಲೆಯ ನೂಲಿನ ಮೇಲೆ ಬೆಳೆದು ಮುಚ್ಚಿದ್ದರೆ ಆ ನೂಲನ್ನು ಅಲ್ಲೇ ಬಿಟ್ಟು ಸುತ್ತಲಿನದ್ದನ್ನು ಮಾತ್ರ ಕತ್ತರಿಸಿ. ಮುಗಿದ ಮೇಲೆ ಬಲೆ ಉಜ್ಜಿದ ಕಾಲೊನಿಗಳ ಫೋಟೋ ತೆಗೆದಿಡಿ, ತಿಂಗಳ ನಂತರ ಅವನ್ನೇ ಮತ್ತೆ ನೋಡಿ. ಪೊರೆ ಅಂಚಿನಿಂದ ಒಳಕ್ಕೆ ಬೆಳೆಯುತ್ತಿದ್ದರೆ ಗಾಯ ಮಾಯುತ್ತಿದೆ. ಬಿಳಿ ಅಗಲವಾಗುತ್ತಿದ್ದರೆ ರೋಗ ಹೊಕ್ಕಿದೆ.

ಪ್ರಶ್ನೆ (ಶಿರಸಿಯಿಂದ): ಡೈವಿಂಗ್ ಬರದು, ಸ್ನಾರ್ಕೆಲ್ ಮಾತ್ರ ಗೊತ್ತು. ನಾನೇನು ಮಾಡಬಹುದು? ಮುರಿದು ಬಿದ್ದ ಹವಳದ ತುಂಡನ್ನು ಮಾದರಿಯಾಗಿ ತರಬಹುದೇ?

ಉತ್ತರ: ಎರಡನೆಯದಕ್ಕೆ ಮೊದಲು: ತರಬಾರದು. 2001ರಿಂದ ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ.

ಸ್ನಾರ್ಕೆಲ್‌ನಿಂದ ಬಹಳ ಆಗುತ್ತದೆ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್ ಯೋಜನೆಯ ಬಣ್ಣದ ಕಾರ್ಡು ಇದಕ್ಕೆಂದೇ ಇದೆ: ನಾಲ್ಕು ಬಣ್ಣಗಳ ಸಾಲು, ಪ್ರತಿ ಸಾಲಿನಲ್ಲಿ 1ರಿಂದ 6ರವರೆಗೆ ಮಾಸಲಿನಿಂದ ಗಾಢಕ್ಕೆ ಆರು ಛಾಯೆ. ಒಂದು ಹವಳದ ಅತಿ ಮಾಸಲು ಜಾಗಕ್ಕೂ ಅತಿ ಗಾಢ ಜಾಗಕ್ಕೂ ಕಾರ್ಡು ಹೋಲಿಸಿ ಎರಡು ಸಂಖ್ಯೆ ಬರೆದುಕೊಳ್ಳಬೇಕು. ಟೊಂಗೆಯ ತುದಿ ಬಿಟ್ಟುಬಿಡಿ. ಒಂದು ಸುತ್ತಿಗೆ 20 ಹವಳ ಸಾಕು, ಆದರೆ ಪ್ರತಿ ಐದು ಸಲ ಕಾಲು ಬಡಿದ ಮೇಲೆ ಎದುರಿಗೆ ಬಂದದ್ದನ್ನು ತೆಗೆದುಕೊಳ್ಳಿ, ಚೆಂದದ್ದನ್ನು ಆರಿಸಬೇಡಿ. ಒಂದೇ ಹವಳದ ಬಣ್ಣ 2 ಅಂಕ ಇಳಿದರೆ ಅದರೊಳಗಿನ ಪಾಚಿ ಗಣನೀಯವಾಗಿ ಕಡಿಮೆಯಾಗಿದೆ ಎಂದರ್ಥ. ನಿಮ್ಮ ನೆರಳು ಹವಳದ ಮೇಲೆ ಬೀಳದಂತೆ ನೋಡಿಕೊಳ್ಳಿ, ನೆರಳಿನಲ್ಲಿ ಒಂದು ಅಂಕ ಹೆಚ್ಚೇ ಬರುತ್ತದೆ. ಆಳ ಕಡಿಮೆ ಇರುವಲ್ಲಿ ನಿಂತು ಸುಧಾರಿಸಿಕೊಳ್ಳಬೇಕೆನಿಸಿದರೆ ಮರಳನ್ನು ಹುಡುಕಿ ನಿಲ್ಲಿ, ಹವಳದ ಮೇಲೆ ಕಾಲೂರಬೇಡಿ.